ಪಾತಲಿಂಗನ ನಾಲ್ಕು ಬಾಣ

ಈ ಚಳ್ಳಕೆರೆ ರಸ್ತೆಯಲ್ಲಿ ಹೋಗುವ ಕಾರಿನ ಸದ್ದು ಕೇಳಿಯೇ, ಅದರ ಟೈರು ಸರಿಯಾಗಿ ಕೂತಿದೆಯೋ ತಿರುಗಾಮುರುಗಾ ಕೂತಿದೆಯೋ ಕಣ್ಣು ಮುಚ್ಚಿಕೊಂಡು ಹೇಳಬಲ್ಲವನು ಮೂರು ಜಿಲ್ಲೆಗೆ ನಾನೊಬ್ಬನೇ. ಬೆಂಗಳೂರಿಂದ ಎಂಜಿನಿಯರುಗಳು ಬಂದು ನನ್ನ ಕಿವಿಯ ಫೋಟೋ ಹೊಡೆದುಕೊಂಡು ಹೋಗಿದ್ದಾರೆ.

ಸುಳ್ಳು. ನನಗೆ ಎಡಗಿವಿ ಕೇಳಿಸುವುದಿಲ್ಲ. ಬಲಗಿವಿಗೆ ಈ ಟೀ ಅಂಗಡಿಯ ಸ್ಟವ್ವಿನ ಸದ್ದು ಬಿಟ್ಟು ಬೇರೇನೂ ಬೀಳುವುದಿಲ್ಲ. ಆದರೆ ನಿಮ್ಮ ಕಾರು ಅಗೋ ಜಾಕಿನ ಮೇಲೆ ನಿಂತಿದೆ. ನಾಲ್ಕು ಹೊಸ ಟೈರು ಹಾಕಿ ಮುಗಿಸಲು ಬಾಬಾಜಾನ್ ಸಾಬರಿಗೆ ಇನ್ನೂ ಒಂದು ಗಂಟೆ ಬೇಕು. ಕೂತುಕೊಳ್ಳಿ ಸ್ವಾಮಿ. ಒಂದು ಕತೆ ಹೇಳುತ್ತೇನೆ. ಇದರಲ್ಲಿ ಸುಳ್ಳು ಕಮ್ಮಿ.

ಇಲ್ಲೇ, ಈ ಕಲ್ಲುಕಟ್ಟೆ ಗೇಟಿನ ಹಿಂದಿನ ಓಣಿಯಲ್ಲಿ ಸಣ್ಣಕ್ಕ ಅಂತ ಒಬ್ಬಳಿದ್ದಳು. ಸಂತೆಯಲ್ಲಿ ಮಂಡಕ್ಕಿ ಮಾರುವವಳು. ಗಂಡ ಟ್ಯಾಕ್ಸಿ ಓಡಿಸುತ್ತಿದ್ದವನು, ಸಾಯುವಾಗ ಎರಡು ಬಿಟ್ಟುಹೋದ. ಒಂದು ಹಳೇ ಬಿಳಿ ಕಾರು, ಒಬ್ಬ ಮಗ ಪಾತಲಿಂಗ. ಕಾರು ತಳ್ಳಿದರೆ ಹೊರಡುತ್ತಿತ್ತು. ಮಗ ಹೇಳಿದರೆ ಹೊರಡುತ್ತಿದ್ದ.

ಹೇಳಿದರೆ ಮಾತ್ರ! ಉಣ್ಣು ಅಂದರೆ ಉಣ್ಣುತ್ತಿದ್ದ, ಸಾಕು ಅನ್ನುವ ತನಕ ಉಣ್ಣುತ್ತಲೇ ಇರುತ್ತಿದ್ದ. ಮಲಗು ಅಂದರೆ ಮಲಗುತ್ತಿದ್ದ, ಏಳು ಅನ್ನದಿದ್ದರೆ ಬಿಸಿಲು ನೆತ್ತಿಗೆ ಬಂದರೂ ಕಣ್ಣು ಬಿಟ್ಟುಕೊಂಡು ಮಲಗೇ ಇರುತ್ತಿದ್ದ. ಮೂವತ್ತು ವರ್ಷದ ಗಂಡಾಳು, ಎತ್ತಿನಂಥ ಹೆಗಲು. ಒಂದು ಸಲ ಸಣ್ಣಕ್ಕ ಮಾಳಿಗೆ ಮೇಲೆ ಸಂಡಿಗೆ ಒಣಹಾಕಿ, "ಮಳೆ ಬಂದ್ರೆ ಒಳಗೆ ತಗಾ" ಅಂತ ಹೇಳಿ ಹೋದಳು. ಬಂದು ನೋಡುತ್ತಾಳೆ, ಎರಡು ಆಡು ಸಂಡಿಗೆ ಮೆಯ್ದು ಬಾಯಿ ಒರೆಸಿಕೊಳ್ಳುತ್ತಿವೆ, ಮಗ ಪಕ್ಕದಲ್ಲೇ ಕೂತು ಆಕಾಶ ನೋಡುತ್ತಿದ್ದಾನೆ.

"ಅಯ್ಯೋ ನನ್ನ ಕರ್ಮವೇ! ಆಡು ತಿಂತಾವಲ್ಲೋ!"

"ಮಳೆ ಬರ್ಲಿಲ್ಲಮ್ಮ."

ಹಿಂಗೆ! ಆದರೆ ಕಾರು ಓಡಿಸುವುದನ್ನು ಅಪ್ಪ ಕಲಿಸಿದ್ದ, ಅದು ಕೈಕಾಲಿಗೆ ಬಂದಿತ್ತು. ಸಂತೆಯ ದಿನ ಸಣ್ಣಕ್ಕ ಮಂಡಕ್ಕಿ ಚೀಲ ಹಿಂದೆ ತುಂಬಿ ಅವನ ಪಕ್ಕದಲ್ಲಿ ಕೂರುತ್ತಿದ್ದಳು. ಹೊರಡು ಅಂದರೆ ಹೊರಟ. ಎಡಕ್ಕೆ ಅಂದರೆ ಎಡಕ್ಕೆ. ನಿಲ್ಲಿಸು ಅಂದರೆ ನಿಲ್ಲಿಸಿದ. ಹೀಗೆ ಅವಳ ಬಾಯಿ ಅವನ ಕೈ ಸೇರಿ ಒಬ್ಬ ಡ್ರೈವರು ಆಗುತ್ತಿದ್ದ.

ಆಮೇಲೆ ಸಣ್ಣಕ್ಕನಿಗೆ ಎದೆ ಹಿಡಿಯತೊಡಗಿತು. ಮೆಟ್ಟಿಲು ಹತ್ತಿದರೆ ಹಿಡಿಯುವುದು, ಚೀಲ ಎತ್ತಿದರೆ ಹಿಡಿಯುವುದು. ಡಾಕ್ಟರು ಚೀಟಿ ಬರೆದು, ಜಾಸ್ತಿ ಯೋಚನೆ ಮಾಡಬೇಡಮ್ಮ ಅಂದರು. ಯೋಚನೆ ಮಾಡದೆ ಇದ್ದಾಳೆಯೇ? ಅವಳಿಗೆ ಸಾವಿನ ಭಯ ಇರಲಿಲ್ಲ. ಇದ್ದ ಭಯ ಒಂದೇ. ನಾನು ಹೋದ ಮೇಲೆ ಇವನಿಗೆ ಉಣ್ಣು ಅನ್ನೋರು ಯಾರು?

ಬಾಬಾಜಾನ್ ಸಾಬರ ಟೈರ್ ಅಂಗಡಿಗೆ ಬಂದು ನಿಂತಳು. "ಸಾಬ್ರೇ, ಇವನಿಗೆ ಒಂದು ಕಸುಬು ಹಿಡಿಸ್ರಿ. ಸಂಬಳ ಬೇಡ. ಮಧ್ಯಾಹ್ನ ಉಣ್ಣಪ್ಪಾ ಅಂತ ಒಂದು ಮಾತು ಹೇಳಿದ್ರೆ ಸಾಕು."

ಸಾಬರು ಪಾತಲಿಂಗನ ಹೆಗಲು ನೋಡಿದರು. ಟೈರು ಎತ್ತಲಿಕ್ಕೆ ಹೇಳಿ ಮಾಡಿಸಿದ ಹೆಗಲು. "ಬಿಟ್ಟು ಹೋಗಕ್ಕಾ" ಅಂದರು. ಪಾಪ, ಗೊತ್ತಿರಲಿಲ್ಲ.

ಮೊದಲ ದಿನವೇ ಬಾಣದ ಟೈರು ಬಂತು. ಬಾಣದ ಟೈರು ಅಂದರೆ ನಿಮ್ಮ ಕಾರಿನದೇ ಜಾತಿಯದು ಸ್ವಾಮಿ. ಪಕ್ಕೆಯಲ್ಲಿ ಒಂದು ಬಾಣ ಅಚ್ಚಾಗಿರುತ್ತದಲ್ಲ, ಅದು. ಸಾಬರು ಬೆರಳಿಟ್ಟು ತೋರಿಸಿದರು. "ನೋಡಪ್ಪಾ, ಗಾಡಿ ಮುಂದಕ್ಕೆ ಹೋಗುವಾಗ ಚಕ್ರ ಈ ಬಾಣದ ಕಡೆಗೇ ತಿರುಗ್ಬೇಕು. ಆವಾಗ ಈ ಗೀರುಗಳು ಮಳೆನೀರು ಆಚೆಗೆ ತಳ್ತಾವೆ. ಎಡದ ಚಕ್ರ ಬಲಕ್ಕೆ ಹಾಕಿದ್ಯೋ, ಬಾಣ ಹಿಂದಕ್ಕಾಯ್ತು. ನೀರು ಒಳಗೇ ಎಳ್ಕೊಂಡು ಗಾಡಿ ಜಾರ್ತದೆ. ತಿಳೀತಾ?"

"ಮುಂದಕ್ಕೆ ಅಂದ್ರೆ ಯಾವ ಕಡೆ?"

"ಯಾವ ಕಡೆ ಅಂದ್ರೆ! ಅಗೋ, ದುರ್ಗದ ಕಡೆ! ಬಾಣ ಮೇಲಕ್ಕೆ ಬಂದಾಗ ದುರ್ಗದ ಕಡೆ ನೋಡ್ಬೇಕು!"

ಆ ಕಾರು ದುರ್ಗದ ಕಡೆ ಮೂತಿ ಮಾಡಿ ನಿಂತಿತ್ತು. ಪಾತಲಿಂಗ ನಾಲ್ಕೂ ಚಕ್ರ ಹಾಕಿದ. ನಾಲ್ಕೂ ಸರಿ! ಸಾಬರು ಬೆನ್ನು ತಟ್ಟಿದರು. ಸಣ್ಣಕ್ಕ ಆವತ್ತು ಪಾಯಸ ಮಾಡಿದಳು.

ಮಾರನೇ ದಿನದ ಕಾರು ಚಳ್ಳಕೆರೆ ಕಡೆ ಮೂತಿ ಮಾಡಿ ನಿಂತಿತ್ತು. ಪಾತಲಿಂಗ ನಾಲ್ಕೂ ಬಾಣವನ್ನು ದುರ್ಗದ ಕಡೆಗೆ ಇಟ್ಟ. ಕಂಟ್ರಾಕ್ಟರ್ ಒಬ್ಬನ ಕಾರು ಅದು. ಸಂಜೆ ಮಳೆ ಹುಯ್ಯಿತು. ಮರುದಿನ ಕಂಟ್ರಾಕ್ಟರ್ ನಡೆದುಕೊಂಡು ಬಂದ.

"ಏನ್ರೀ ಸಾಬ್ರೇ! ಸೋಪಿನ ಮೇಲೆ ಕಾಲಿಟ್ಟಂಗೆ ಜಾರ್ತಲ್ರೀ! ಹುಣಸೆಮರಕ್ಕೆ ಮುತ್ತಿಕ್ಕಿ ನಿಂತೈತೆ ಗಾಡಿ!"

ಸಾಬರು ಹಣೆ ಚಚ್ಚಿಕೊಂಡರು. "ಲೋ ಪಾತಲಿಂಗ! ಊರು ನೋಡ್ಬೇಡ್ವೋ! ಗಾಡಿ ಯಾವ ಕಡೆ ಹೋಗ್ತದೆ ಅದನ್ನ ನೋಡು! ಗಾಡಿ ಹೋಗೋ ಕಡೆಗೆ ಬಾಣ!"

"ಗಾಡಿ ಹೋಗೋ ಕಡೆಗೆ ಬಾಣ. ಆಯ್ತು."

ಮೂರು ದಿನ ಸರಿಹೋಯಿತು. ನಾಲ್ಕನೇ ದಿನ ಒಬ್ಬ ಮೇಷ್ಟ್ರ ಕಾರು ಕೆಟ್ಟು, ಅದರ ಹಿಂಭಾಗವನ್ನು ಲಾರಿಗೆ ಕಟ್ಟಿ ಎಳೆದುಕೊಂಡು ಬಂದರು. ಕಾರು ಬಾಲ ಮುಂದೆ ಮಾಡಿಕೊಂಡು ಬರುತ್ತಿದೆ! ಪಾತಲಿಂಗ ರಸ್ತೆಯಲ್ಲಿ ನಿಂತು ಚೆನ್ನಾಗಿ ನೋಡಿಕೊಂಡ. ಗಾಡಿ ಹೋಗೋ ಕಡೆ ಅದು. ಎಂಜಿನ್ ರಿಪೇರಿ ಆಗಿ ಟೈರೂ ಬದಲಾಗಿ ಮೇಷ್ಟ್ರು ಹೊರಟರೆ ನಾಲ್ಕೂ ಬಾಣ ಬಾಲಕ್ಕೆ.

"ಇವನನ್ನ ಯಾವ ಶಾಲೆಯವರು ಪಾಸು ಮಾಡಿದ್ರಯ್ಯಾ!" ಅಂದರು ಮೇಷ್ಟ್ರು. ಯಾವ ಶಾಲೆಯೂ ಮಾಡಿರಲಿಲ್ಲ.

ಈ ಸಲ ಬುದ್ಧಿ ಹೇಳಿದವಳು ಸಣ್ಣಕ್ಕನೇ. ಕುಂಕುಮದ ಭರಣಿ ಹಿಡಿದು ಅಂಗಡಿಗೇ ಬಂದಳು. "ಇಲ್ಲಿ ನೋಡ್ಲಾ ಮಗಾ. ಮನುಷ್ಯರಿಗೆ ಬೊಟ್ಟು ಎಲ್ಲಿಡ್ತಾರೆ? ಹಣೆಗೆ. ಹಣೆ ಎಲ್ಲೈತೆ? ಮುಂದೆ. ಕಾರಿಗೂ ಅಷ್ಟೇ. ನಾನು ದಿನಾ ಬಂದು ಕಾರಿನ ಹಣೆಗೆ ಬೊಟ್ಟಿಡ್ತೀನಿ. ಬೊಟ್ಟು ಇರೋ ಕಡೆ ಮುಂದೆ!"

ಇದು ಅವನ ತಲೆಗೆ ಹತ್ತಿತು. ಸಣ್ಣಕ್ಕ ದಿನಾ ಬೆಳಿಗ್ಗೆ ಎದೆ ಹಿಡಿದುಕೊಂಡು ನಡೆದು ಬಂದು, ಬಂದ ಕಾರಿಗೆಲ್ಲ ಬೊಟ್ಟಿಡುತ್ತಿದ್ದಳು. ಕಾರಿನವರೂ ಖುಷಿ, ಇಲ್ಲಿ ಟೈರು ಹಾಕಿದರೆ ಪೂಜೆನೂ ಮಾಡ್ತಾರೆ ಅಂತ. ನಾಲ್ಕು ತಿಂಗಳು ಒಂದೂ ತಪ್ಪಿಲ್ಲ. ಅವಳ ಬೆನ್ನು ಸ್ವಲ್ಪ ನೆಟ್ಟಗಾಯಿತು. ರಾತ್ರಿ ನಿದ್ದೆಯೂ ಹತ್ತಿತು.

ಆಗ ಬಂತು ಆಯುಧಪೂಜೆ!

ನಮ್ಮ ಜನ ಗೊತ್ತಲ್ಲ. ಆವತ್ತು ಬಿಟ್ಟ ಜಾಗ ಉಂಟೇ? ಕಾರಿನ ಹಣೆಗೆ ಕುಂಕುಮ, ಬಾಗಿಲಿಗೆ ಕುಂಕುಮ, ಹಿಂದೆ ಡಿಕ್ಕಿಗೂ ಕುಂಕುಮ. ಮರುದಿನ ಬಂದ ಮೊದಲ ಕಾರಿಗೆ ಪಾತಲಿಂಗ ಸುತ್ತು ಹಾಕಿದ. ಮುಂದೆಯೂ ಬೊಟ್ಟು, ಹಿಂದೆಯೂ ಬೊಟ್ಟು. ಬಹಳ ಹೊತ್ತು ನಿಂತ. ಆಮೇಲೆ ಯಾರಿಗೂ ಅನ್ಯಾಯವಾಗದ ಹಾಗೆ ಮುಂದಿನ ಎರಡು ಬಾಣ ಮುಂದಕ್ಕೆ, ಹಿಂದಿನ ಎರಡು ಬಾಣ ಹಿಂದಕ್ಕೆ ಇಟ್ಟ!

"ಯಾ ಅಲ್ಲಾ!" ಅಂದರು ಸಾಬರು. "ಕಾರೇನೋ ಇದು, ಎರಡು ತಲೆ ಹಾವೇನೋ!"

"ಎರಡು ಕಡೆನೂ ಹಣೆ ಐತೆ ಸಾಬ್ರೇ."

ಸಾಬರು ನೀರು ಕುಡಿದು ಬಂದರು. "ಇನ್ಮೇಲೆ ಹೊಸಾ ಟೈರು ಮುಟ್ಬೇಡ. ಹತ್ತು ಸಾವಿರ ಕಿಲೋಮೀಟರ್ ಓಡಿದ ಗಾಡಿ ಬಂದ್ರೆ ಸವೆತ ಸಮ ಆಗೋಕೆ ಚಕ್ರ ಬದಲಾಯಿಸ್ತೀವಲ್ಲ, ಅಷ್ಟೇ ನಿನ್ನ ಕೆಲಸ. ಮುಂದಿನದು ಹಿಂದಕ್ಕೆ, ಹಿಂದಿನದು ಮುಂದಕ್ಕೆ. ಎಡದ್ದು ಎಡದಲ್ಲೇ ಇರ್ಬೇಕು, ಬಲದ್ದು ಬಲದಲ್ಲೇ ಇರ್ಬೇಕು. ಅಡ್ಡ ದಾಟಬಾರ್ದು. ದಾಟಿದ್ರೆ ಜಾರ್ತದೆ!"

"ಅಡ್ಡ ದಾಟಬಾರ್ದು. ದಾಟಿದ್ರೆ ಜಾರ್ತದೆ."

ಅಡ್ಡ ದಾಟಲಿಲ್ಲ. ಒಂದು ಗಾಡಿಯೂ ಜಾರಲಿಲ್ಲ. ಜಾರಿದ್ದು ಚೌಡಜ್ಜ.

ಚೌಡಜ್ಜ ಸಣ್ಣಕ್ಕನ ಪಕ್ಕದ ಮನೆಯವನು, ಎಂಬತ್ತು ದಾಟಿ ತೀರಿಕೊಂಡ. ಚಟ್ಟ ಹೊರಲಿಕ್ಕೆ ಪಾತಲಿಂಗನ ಹೆಗಲು ಬಿಟ್ಟು ಬೇರೆ ಹೆಗಲು ಹುಡುಕುತ್ತಾರೆಯೇ? ಅವನದು ಮುಂದಿನ ಎಡಗಡೆ. ಅರ್ಧ ದಾರಿಯಲ್ಲಿ ಚಟ್ಟ ಇಳಿಸಿ, ಹೊತ್ತವರು ಜಾಗ ಬದಲಿಸಿ ಮತ್ತೆ ಎತ್ತುವುದು ನಮ್ಮ ಓಣಿಯ ಪದ್ಧತಿ. ಇಳಿಸಿದರು. ಮುಂದಿನವರು ಹಿಂದಕ್ಕೆ ಹೊರಟರು. ಪಾತಲಿಂಗನಿಗೆ ಬಲು ಸಂತೋಷ, ಇದು ತನಗೆ ಗೊತ್ತಿರುವ ಕೆಲಸ. ಆದರೆ ಮುಂದಿನ ಬಲಗಡೆಯವನು ಹಿಂದಿನ ಎಡಗಡೆಗೆ ಬಂದು ಬಿದಿರು ಹಿಡಿದು ಎತ್ತಿದ.

"ಅಡ್ಡ ದಾಟಬಾರ್ದು!" ಅಂತ ಕಿರುಚಿದ ಪಾತಲಿಂಗ.

"ಸುಮ್ಕಿರ್ಲಾ, ಹೆಣದ ಮುಂದೆ!"

"ಎಡದ್ದು ಎಡದಲ್ಲೇ! ದಾಟಿದ್ರೆ ಜಾರ್ತದೆ!"

"ಬಿಡ್ಲಾ ಬಿದಿರು!"

"ಬಿಡಲ್ಲ! ಜಾರ್ತದೆ!"

ಇವನು ಎಳೆದ, ಅವನು ಎಳೆದ. ಚೌಡಜ್ಜ ಜಾರಿದ. ಹೂವಿನ ಸಮೇತ ಜಾರಿ, ರಸ್ತೆ ಬದಿಯ ಕಿಲೋಮೀಟರ್ ಕಲ್ಲಿಗೆ ಒರಗಿ, ಬಸ್ಸಿಗೆ ಕಾಯುವವನ ಹಾಗೆ ಕೂತ. ಹೆಂಗಸರು ಅಳುವುದು ನಿಲ್ಲಿಸಿ ಬಾಯಿಗೆ ಸೆರಗು ತುರುಕಿಕೊಂಡರು.

"ನಾನು ಹೇಳ್ಲಿಲ್ವಾ?" ಅಂದ ಪಾತಲಿಂಗ.

ಆವತ್ತು ಸಣ್ಣಕ್ಕ ಮಗನನ್ನು ಬಯ್ಯಲಿಲ್ಲ. ಚೌಡಜ್ಜನ ಸೊಸೆಯ ಕಾಲು ಹಿಡಿದು ಬಂದು, ಒಲೆ ಮುಂದೆ ಕೂತು, "ನನ್ನನ್ನಾದ್ರೂ ಸರಿಯಾಗಿ ಹೊರ್ತೀಯೇನೋ" ಅಂದಳು. "ನೀನು ಹೇಳಿದಂಗೆ ಹೊರ್ತೀನಮ್ಮ" ಅಂದ ಅವನು. ಅದಕ್ಕೇ ಅವಳಿಗೆ ಅಳು ಬಂದಿದ್ದು.

ಹೆಣ ಬೀಳಿಸಿದವನ ಕೈಯಲ್ಲಿ ಯಾರು ಗಾಡಿ ಕೊಡುತ್ತಾರೆ? ಗಿರಾಕಿಗಳು ಅಂಗಡಿ ದಾಟಿ ಮುಂದೆ ಹೋಗತೊಡಗಿದರು. ಎರಡು ವಾರ ತಡೆದು ಸಾಬರು ಸಣ್ಣಕ್ಕನನ್ನು ಕರೆಸಿದರು. ಮುಖ ನೋಡಲಿಲ್ಲ. "ಅಕ್ಕಾ, ಇವನನ್ನ ಇಟ್ಕೊಳ್ಳೋಕೆ ಆಗಲ್ಲ. ಒಬ್ಬ ಸಾವ್ಕಾರ್ರ ಕಾರಿಂದ ಬಿಚ್ಚಿದ ಬಾಣದ ಟೈರು ನಾಲ್ಕಿದಾವೆ, ಇನ್ನೂ ಹಲ್ಲು ಸವೆದಿಲ್ಲ. ನಿನ್ನ ಕಾರಿಗೆ ಅಳತೆ ಕೂರ್ತದೆ. ಅವಾದ್ರೂ ತಗೊಂಡು ಹೋಗು."

ಮಗನಿಗೆ ಕೆಲಸ ಕೇಳಿ ಬಂದವಳು ಟೈರು ತಗೊಂಡು ಹೊರಟಳು. ಸಾಬರೇ ಕೈಯಾರೆ ಹಾಕಿಕೊಟ್ಟರು. ಕಡೆಯದಾಗಿ ಪಾತಲಿಂಗನ ಹೆಗಲ ಮೇಲೆ ಕೈಯಿಟ್ಟು, "ನಾನು ಹೇಳಿದ್ದೆಲ್ಲ ಮರೆತುಬಿಡಪ್ಪಾ. ಒಂದೇ ನೆನಪಿಟ್ಕೋ. ಚಕ್ರ ಬಾಣದ ಕಡೆಗೇ ತಿರುಗ್ಬೇಕು" ಅಂದರು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಈ ಬೆಂಚಿನ ಮೇಲೆ ಒಬ್ಬ ಕಿಡಿಗೇಡಿ ಕೂತಿದ್ದ. ಹೆಸರು ಬೇಡ. ಜನರನ್ನು ನಗಿಸಲಿಕ್ಕೆ ಏನಾದರೊಂದು ಬಿಡುತ್ತಾ ಇರುವವನು. ಅವನು ಪಾತಲಿಂಗನನ್ನು ಕರೆದು ಕಿವಿಯಲ್ಲಿ ಹೇಳಿದ. "ಸಾಬ್ರು ಪೂರ್ತಿ ಹೇಳಿಲ್ಲ ಕಣೋ. ಬಾಣಕ್ಕೆ ಎದುರಾಗಿ ಒಂದು ಸುತ್ತು ತಿರುಗಿದ್ರೂ ಸಾಕು, ಟೈರು ಬಾಂಬ್ ಥರ ಸಿಡೀತೈತೆ. ಒಳಗಿದ್ದೋರು ಉಳಿಯಲ್ಲ!"

"ಗೊತ್ತಾಯ್ತಣ್ಣ" ಅಂದ ಪಾತಲಿಂಗ. ಬೆಂಚಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಟೀ ಚೆಲ್ಲಿತು.

ಪಾತಲಿಂಗ ಕಾರನ್ನು ಮನೆಗೆ ಒಯ್ದು ಓಣಿಯಲ್ಲಿ ನಿಲ್ಲಿಸಿದ. ಆ ಓಣಿ ಮುಂದೆ ಗೋಡೆಗೆ ಮುಗಿಯುತ್ತದೆ. ಕಾರಿನ ಮೂತಿ ಗೋಡೆಗೆ.

ಮಾರನೇ ದಿನ ಶುಕ್ರವಾರ, ನಡುಮಧ್ಯಾಹ್ನ. ಓಣಿಯವರೆಲ್ಲ ಶೇಂಗಾ ಕೀಳಲು ಹೊಲಕ್ಕೆ ಹೋಗಿದ್ದರು. ಸಾಬರು ನಮಾಜಿಗೆ ಹೋಗಿದ್ದರು. ಸಣ್ಣಕ್ಕನಿಗೆ ಎದೆ ಹಿಡಿಯಿತು. ದಿನಾ ಹಿಡಿಯುವ ಹಾಗಲ್ಲ. ಒಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ. ಆದರೂ ಅವಳಿಗೆ ಧೈರ್ಯವಿತ್ತು. ಬಾಗಿಲಲ್ಲೇ ಕಾರಿದೆ. ಓಡಿಸಲಿಕ್ಕೆ ಮಗನಿದ್ದಾನೆ. ಆಸ್ಪತ್ರೆ ಮೂರೇ ಮೈಲಿ. ಗೋಡೆ ಹಿಡಿದುಕೊಂಡು ಬಂದು ಹಿಂದಿನ ಸೀಟಿನಲ್ಲಿ ಒರಗಿದಳು.

"ಆಸ್ಪತ್ರೆಗೆ ನಡಿ ಮಗಾ. ಹಿಂದಕ್ಕೆ ತಗಿ."

"ಆಗಲ್ಲಮ್ಮ."

"ಏನ್ಲಾ ಆಗಲ್ಲ!"

"ಹಿಂದಕ್ಕೆ ತೆಗೆದ್ರೆ ಚಕ್ರ ಬಾಣಕ್ಕೆ ಎದುರು ತಿರುಗ್ತದೆ. ಸಿಡೀತೈತೆ. ನೀನು ಉಳಿಯಲ್ಲಮ್ಮ."

"ಯಾರ್ಲಾ ಹೇಳಿದ್ದು ನಿಂಗೆ!" ಅವಳು ಬೈದಳು, ಬೇಡಿದಳು, ಕೈ ಚಾಚಿ ಹೊಡೆಯಲು ನೋಡಿದಳು, ಕೈ ಏಳಲಿಲ್ಲ. ಅವನು ಆಗಲೇ ಜಾಕ್ ತೆಗೆದಿದ್ದ. ಎಡದ ಚಕ್ರ ಬಲಕ್ಕೆ, ಬಲದ ಚಕ್ರ ಎಡಕ್ಕೆ ಹಾಕಿದರೆ ಬಾಣ ಹಿಂದಕ್ಕೆ ತಿರುಗುತ್ತದೆ, ಆಗ ಹಿಂದಕ್ಕೆ ಹೋಗಬಹುದು. ಬಾಣ ಹಿಂದಕ್ಕಾಗುವುದನ್ನು ಸಾಬರು ಹೇಳಿದ್ದರು, ಹಿಂದಕ್ಕೆ ಹೋಗುವ ಲೆಕ್ಕ ಯಾರೂ ಹೇಳಿಕೊಟ್ಟಿರಲಿಲ್ಲ. ಜೀವಮಾನದಲ್ಲಿ ಅವನೇ ತಲೆ ಓಡಿಸಿದ್ದು ಅದೊಂದು ಸಲ, ತಾಯಿ ಉಳಿಯಲಿ ಅಂತ.

ಸಣ್ಣಕ್ಕ ಒಳಗೆ ಮಲಗಿದ್ದಳು. ಕಾರಿನ ಒಂದು ಮೂಲೆ ಮೇಲೇಳುತ್ತಿತ್ತು, ಇಳಿಯುತ್ತಿತ್ತು. ಇನ್ನೊಂದು ಮೂಲೆ ಏಳುತ್ತಿತ್ತು, ಇಳಿಯುತ್ತಿತ್ತು. ಬೋಲ್ಟು ತಿರುಗುವ ಸದ್ದು ಎಣಿಸಿದಳು. ಇವನನ್ನು ತೊಟ್ಟಿಲಲ್ಲಿ ತೂಗಿದ್ದು ನೆನಪಾಯಿತು. ಈಗ ಅವನು ತೂಗುತ್ತಿದ್ದಾನೆ. "ಆಯ್ತೇನ್ಲಾ?" "ಇನ್ನೆರಡೇ ಅಮ್ಮ." "ಆಯ್ತೇನ್ಲಾ?" "ಇನ್ನೊಂದೇ ಅಮ್ಮ."

ಒಂದು ಗಂಟೆ ಹಿಡಿಯಿತು. ಕಾರು ಹಿಂದಕ್ಕೆ ಸರಿದು ಓಣಿ ದಾಟಿ ರಸ್ತೆಗೆ ಬಂತು, ಮೂತಿ ದುರ್ಗದ ಕಡೆ ತಿರುಗಿತು. ನಿಂತಿತು. ಪಾತಲಿಂಗ ಇಳಿದು ಮತ್ತೆ ಜಾಕ್ ತೆಗೆದ.

"ಇನ್ನೇನ್ಲಾ!"

"ಈಗ ಮುಂದಕ್ಕೆ ಹೋಗ್ಬೇಕಲ್ಲಮ್ಮ. ಬಾಣ ಹಿಂದಕ್ಕೈತೆ."

ಸಣ್ಣಕ್ಕನಲ್ಲಿ ಉಳಿದಿದ್ದ ಉಸಿರೆಲ್ಲ ಒಂದಾಗಿ ಎದ್ದಿತು. "ಬಿಡ್ಲಾ ಬಾಣಾನ! ಸಿಡಿದ್ರೆ ಸಿಡೀಲಿ! ಗಾಡಿ ಹತ್ತು! ನಾನು ನಿಲ್ಲಿಸು ಅನ್ನೋ ತನಕ ನಿಲ್ಲಿಸ್ಬೇಡ! ಕೇಳ್ತೇನ್ಲಾ, ನಾನು ಅನ್ನೋ ತನಕ!"

"ನೀನು ಅನ್ನೋ ತನಕ ನಿಲ್ಲಿಸಲ್ಲಮ್ಮ."

ಹೊರಟ. ಚಕ್ರದ ಒಂದೊಂದು ಸುತ್ತಿಗೂ ಈಗ ಸಿಡೀತು, ಆಗ ಸಿಡೀತು ಅಂತ ಅಳುತ್ತಾ ಓಡಿಸಿದ. ಸಿಡಿಯಲಿಲ್ಲ. ಆಸ್ಪತ್ರೆಯ ಗೇಟು ಕಾಣಿಸಿತು.

"ಅಮ್ಮಾ, ಆಸ್ಪತ್ರೆ ಬಂತು."

ಸಣ್ಣಕ್ಕ ಏನೂ ಅನ್ನಲಿಲ್ಲ.

"ಅಮ್ಮಾ, ನಿಲ್ಲಿಸ್ಲಾ?"

ಸಣ್ಣಕ್ಕ ಏನೂ ಅನ್ನಲಿಲ್ಲ.

ಗೇಟು ಹಿಂದಕ್ಕೆ ಹೋಯಿತು. ಗೇಟಿನ ಪಕ್ಕದ ಔಷಧಿ ಅಂಗಡಿ ಹಿಂದಕ್ಕೆ ಹೋಯಿತು. ಒಂದು ಮೈಲಿ ಹೋಗುವಷ್ಟರಲ್ಲಿ ಪೆಟ್ರೋಲು ಮುಗಿದು ಕಾರು ತಾನಾಗಿ ನಿಂತಿತು. ಅಮ್ಮ ಅನ್ನದೆಯೇ ನಿಂತುಬಿಟ್ಟಿತಲ್ಲ! ಪಾತಲಿಂಗ ತಳ್ಳಲು ಇಳಿದ. ಇಳಿದವನು ಚಕ್ರ ನೋಡಿದ. ಬಾಣ ಹಿಂದಕ್ಕಿದೆ. ನಿಲ್ಲಿಸಬಾರದು, ಅದು ಅಮ್ಮನ ಮಾತು. ಚಕ್ರ ಬಾಣದ ಕಡೆಗೇ ತಿರುಗಬೇಕು, ಅದು ಸಾಬರ ಮಾತು. ಎರಡೂ ಉಳಿಯಬೇಕು.

ಕಾರಿನ ಮುಂದಕ್ಕೆ ಬಂದ. ಹಣೆಗೆ ಹೆಗಲು ಕೊಟ್ಟ. ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳತೊಡಗಿದ. ಆವತ್ತು ನಾಲ್ಕೂ ಬಾಣ ಸರಿಯಾಗಿದ್ದವು ಸ್ವಾಮಿ. ಒಂದೂ ತಪ್ಪಿರಲಿಲ್ಲ.

ಆಸ್ಪತ್ರೆ ಗೇಟಿನ ಕಾವಲುಗಾರ ನಕ್ಕ. "ಏನಪ್ಪಾ, ಕಾರಿಗೆ ಗುಮ್ಮೋದು ಕಲಿಸ್ತಿದೀಯಾ?" ಆಮೇಲೆ ಹಿಂದಿನ ಸೀಟಿನ ಕಿಟಕಿಯಲ್ಲಿ ಬಗ್ಗಿ ನೋಡಿದ. ಟೋಪಿ ತೆಗೆದ. "ನಿಲ್ಸಪ್ಪಾ.. ನಿಲ್ಸು.. ಆಗೋಗೈತೆ."

"ನೀವು ಹೇಳಿದ್ರೆ ಆಗಲ್ಲ ಸಾರ್. ಅಮ್ಮ ಹೇಳ್ಬೇಕು."

ಎರಡನೇ ಸಲ ಗೇಟು ದಾಟಿತು. ಕಾವಲುಗಾರ ಟೋಪಿ ಕೈಯಲ್ಲಿ ಹಿಡಿದು ಹಿಂದೆ ಹಿಂದೆ ನಡೆದ. ಬಸ್ಸಿಂದ ಇಳಿದವರು ನಡೆದರು. ಹೊಲದಿಂದ ಶೇಂಗಾ ಕಿತ್ತ ಮಣ್ಣುಗೈಯಲ್ಲೇ ಜನ ಬಂದರು. ನಿಲ್ಲಿಸೋ ಅಂತ ಯಾರು ಅಂದರೂ ಅವನದು ಒಂದೇ ಮಾತು, "ಅಮ್ಮ ಇನ್ನೂ ಹೇಳಿಲ್ಲ." ಸಂಜೆ ಹೊತ್ತಿಗೆ ಕಾರು ಬಾಲ ಮುಂದೆ ಮಾಡಿಕೊಂಡು ಈ ಟೀ ಅಂಗಡಿಯ ಎದುರು ಬಂತು. ಅವನ ಹೆಗಲಿನ ಚರ್ಮ ಕಿತ್ತು ಬಾನೆಟ್ಟಿಗೆ ರಕ್ತ ಹತ್ತಿತ್ತು. ಬಾಬಾಜಾನ್ ಸಾಬರು ನಿಂತಲ್ಲೇ ಕೂತರು.

ಆಗ ಆ ಕಿಡಿಗೇಡಿ ಬೆಂಚಿಂದ ಎದ್ದ. ಕಾರಿನ ಒಳಗೆ ತಲೆ ಹಾಕಿದ. ಕಿವಿ ಕೊಟ್ಟು ಕೇಳಿದವನ ಹಾಗೆ ಸ್ವಲ್ಪ ಹೊತ್ತು ಇದ್ದ. ತಲೆ ಹೊರಗೆ ತೆಗೆದು, "ಪಾತಲಿಂಗಾ, ನಿಮ್ಮಮ್ಮ ನಿಲ್ಲಿಸು ಅಂದ್ಲು ಕಣಪ್ಪಾ" ಅಂದ.

ಪಾತಲಿಂಗ ನಿಲ್ಲಿಸಿದ. ಬೆವರು ಒರೆಸಿಕೊಂಡ. "ಮತ್ತೇನಂದ್ಲಣ್ಣ?" ಅಂತ ಕೇಳಿದ.

ಹುಟ್ಟಿದಾಗಿನಿಂದ ಸುಳ್ಳು ಹೇಳಿ ಬದುಕಿದವನ ಬಾಯಿಗೆ ಆಗ ಒಂದೂ ಬರಲಿಲ್ಲ.

ನಿಮ್ಮ ಕಾರು ಆಯಿತು, ಅಗೋ ಸಾಬರು ಕೈ ಬೀಸುತ್ತಿದ್ದಾರೆ. ಹೋಗುವ ಮುಂಚೆ ಆ ಕಡೆ ನೋಡಿ, ಬೆಂಚಿನ ತುದಿಯಲ್ಲಿ ಗ್ಲಾಸು ಹಿಡಿದುಕೊಂಡು ಕೂತಿದ್ದಾನಲ್ಲ, ಅವನೇ ಪಾತಲಿಂಗ. ಟೀ ಆರಿ ಕೆನೆ ಕಟ್ಟಿದೆ. ಕುಡಿ ಅಂತ ಇನ್ನೂ ಯಾರೂ ಹೇಳಿಲ್ಲ.

ಎರಡು ಟೀ ದುಡ್ಡು ನೀವು ಕೊಟ್ಟುಬಿಡಿ ಸ್ವಾಮಿ. ಹೇಳುವುದು ನಾನು ಹೇಳುತ್ತೇನೆ.